ಹನ್ನೊಂದು ವರ್ಷ ಮುಟ್ಟದ ಕ್ಯಾಮೆರಾ, ಒಳಗೆ ಮುಗಿಯದ ರೀಲು

ಬೆಳಕಿಂಡಿ:

ಕಳೆದ ತಿಂಗಳು ಹಳೆಯ ಕಾಗದಪತ್ರವೊಂದನ್ನು ಹುಡುಕಲು ಅಟ್ಟದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಾಗ, ಹನ್ನೊಂದು ವರ್ಷಗಳಿಂದ ನಾನು ಮುಟ್ಟದೇ ಬಿಟ್ಟಿದ್ದ ಕ್ಯಾಮೆರಾ ಕೈಗೆ ಸಿಕ್ಕಿತು. ಅದು ಪೂರ್ತಿ ಯಾಂತ್ರಿಕವಾದ, ಲೆನ್ಸಿನ ಮೂಲಕವೇ ನೋಡಿ ತೆಗೆಯುವ, 35 ಮಿ.ಮೀ. ಫಿಲ್ಮಿನ ಎಸ್‌ಎಲ್‌ಆರ್. ಅದರ ಜೊತೆಗೆ 50 ಮಿ.ಮೀ.ನದು ಮತ್ತು ದೂರದ್ದನ್ನು ಹತ್ತಿರ ತರುವ 135 ಮಿ.ಮೀ.ನದು, ಹೀಗೆ ಎರಡು ಲೆನ್ಸುಗಳೂ ಪಾರದರ್ಶಕ ಹಾಳೆಗಳಲ್ಲಿ ಸೇರಿಸಿಟ್ಟಿದ್ದ ನೆಗೆಟಿವ್‌ಗಳ ದೊಡ್ಡ ಕಟ್ಟೂ ಇದ್ದವು. ಕ್ಯಾಮೆರಾದ ಮೇಲಿನ ಕೌಂಟರ್ 22ರಲ್ಲಿ ನಿಂತಿದೆ. ಅಂದರೆ 36 ಚಿತ್ರಗಳ ಕಲರ್ ರೀಲೊಂದು ಒಳಗೇ ಉಳಿದುಬಿಟ್ಟಿದೆ. ಅದರಲ್ಲಿ ಏನಿದೆ ಎಂಬುದು ನನಗೆ ಸ್ವಲ್ಪವೂ ನೆನಪಿಲ್ಲ.

19ನೆಯ ವಯಸ್ಸಿನಿಂದ 35ರವರೆಗೆ ನಾನು ಚಿತ್ರ ತೆಗೆಯದ ವಾರವೇ ಇರಲಿಲ್ಲ. ಬಿಟ್ಟೆ ಎಂದು ಗುರುತಿಟ್ಟು ಹೇಳಬಹುದಾದ ದಿನ ಮಾತ್ರ ಯಾವುದೂ ಇಲ್ಲ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಮನೆಯ ಪ್ರತಿಯೊಂದು ಸಮಾರಂಭದಲ್ಲೂ ‘ಇವನಿದ್ದಾನಲ್ಲ, ತೆಗೆಯುತ್ತಾನೆ’ ಎಂದು ಎಲ್ಲರೂ ನನ್ನ ಕಡೆ ತಿರುಗಿದರು, ನಾನೂ ಸಂತೋಷದಿಂದಲೇ ತೆಗೆದೆ. ಬರಬರುತ್ತ ಸಾಲಾಗಿ ನಿಂತವರನ್ನು ತೆಗೆಯುವುದು, ಯಾರೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು, ಆಮೇಲೆ ಎಲ್ಲರಿಗೂ ಕಳುಹಿಸುವುದು, ಇಷ್ಟೇ ನನ್ನ ಪಾಲಿಗೆ ಛಾಯಾಗ್ರಹಣವಾಗಿ ಉಳಿಯಿತು. ಒಂದು ಪ್ರವಾಸದಲ್ಲಿ ನಾಲ್ಕು ಸಾವಿರ ಚಿತ್ರಗಳನ್ನು ತೆಗೆದು ಅವನ್ನು ಒಮ್ಮೆಯೂ ತೆರೆದು ನೋಡದೇ ಇದ್ದುದು ನೆನಪಿದೆ. ಅಷ್ಟು ಹೊತ್ತಿಗೆ ಫಿಲ್ಮ್ ಕ್ಯಾಮೆರಾ ಪೆಟ್ಟಿಗೆಯೊಳಗೆ ಹೋಗಿತ್ತು.

ಹೋದ ಭಾನುವಾರ ಡಿಜಿಟಲ್ ಕ್ಯಾಮೆರಾ ಹಿಡಿದು ಒಂದು ಗಂಟೆ ಹೊರಗೆ ಅಲೆದೆ. ತೆಗೆದ ಚಿತ್ರಗಳಲ್ಲಿ ತಾಂತ್ರಿಕ ತಪ್ಪೇನೂ ಇರಲಿಲ್ಲ, ಆದರೆ ಪ್ರತಿಯೊಂದೂ ಬೇರೆ ಯಾರದೋ ಚಿತ್ರವನ್ನು ಎಲ್ಲೋ ನೋಡಿ ಒಪ್ಪಿಸಿದಂತಿತ್ತು. ಮನಸ್ಸಿಗೆ ಬಹಳ ನೋವಾಯಿತು. ಯಾವ ಹೊಸ ಕ್ಯಾಮೆರಾ ಕೊಳ್ಳಬೇಕು ಎಂದು ನಾನು ಕೇಳುತ್ತಿಲ್ಲ. ಬಿಟ್ಟುಹೋದ ಈ ಪ್ರೀತಿಗೆ ನಿಮ್ಮಲ್ಲಿ ಮರಳಿ ಬಂದವರು ಎಲ್ಲಿಂದ ಶುರುಮಾಡಿದಿರಿ? ಮೊದಲಿದ್ದ ಕಣ್ಣು ನಿಮಗೆ ಮತ್ತೆ ಸಿಕ್ಕಿತೇ? ಒಳಗಿರುವ ಆ ರೀಲನ್ನು ನಾನು ಏನು ಮಾಡಲಿ?

ಕತ್ತಲೆಕೋಣೆ:

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅವಸರಪಟ್ಟರೆ ನಷ್ಟವಾಗುತ್ತದೆ. ಏನೇ ಆದರೂ ಕ್ಯಾಮೆರಾದ ಹಿಂಬಾಗಿಲನ್ನು ತೆರೆಯಬೇಡಿ. ಫಿಲ್ಮ್ ಮುಂದೆ ಸರಿಸುವ ಲಿವರನ್ನು ನಿಧಾನವಾಗಿ ಎಳೆಯುತ್ತ, ಎಡಗಡೆಯ ರಿವೈಂಡ್ ಗುಂಡಿ ಅದರ ಜೊತೆಗೆ ತಿರುಗುತ್ತದೆಯೇ ನೋಡಿ. ತಿರುಗಿದರೆ ಫಿಲ್ಮ್ ನಿಜವಾಗಿಯೂ ಒಳಗಿದೆ, ಸರಿಯಾಗಿ ಸರಿಯುತ್ತಲೂ ಇದೆ. ಬಿಗಿಯಾಗಿ ಕಂಡರೆ ಬಲ ಹಾಕಬೇಡಿ, ಹಲವು ವರ್ಷ ಒಂದೇ ಭಂಗಿಯಲ್ಲಿ ಬಾಗಿದ ಫಿಲ್ಮ್ ಪೆಡಸಾಗಿರುತ್ತದೆ.

ಮೊದಲ 22 ಚಿತ್ರಗಳ ಮೇಲೆ ಬಿದ್ದ ಬೆಳಕು ಆಗಲೇ ಬಿದ್ದಾಗಿದೆ, ಅವುಗಳಿಗೆ ಈಗ ನಾವು ಮಾಡಬಹುದಾದದ್ದು ಏನೂ ಇಲ್ಲ. ಬೆಳಕು ತಾಗಿದ ಬೆಳ್ಳಿಯ ಹರಳುಗಳಲ್ಲಿ ಮೂಡಿರುವ, ಕಣ್ಣಿಗೆ ಕಾಣದ ಗುರುತು ವರ್ಷಗಳು ಕಳೆದಂತೆ ಮಸುಕಾಗುತ್ತದೆ. ಜೊತೆಗೆ ಫಿಲ್ಮ್ ತಾನಾಗಿಯೇ ಸ್ವಲ್ಪ ಮಂಜುಗಟ್ಟುತ್ತದೆ. ಬಣ್ಣದ ಮೂರು ಪದರಗಳು ಒಂದೇ ವೇಗದಲ್ಲಿ ಕೆಡುವುದಿಲ್ಲವಾದ್ದರಿಂದ ಚಿತ್ರದ ಬಣ್ಣ ಒಂದು ಕಡೆಗೆ ವಾಲಿರುವ ಸಾಧ್ಯತೆಯೂ ಇದೆ. ಆದರೂ ಬಹಳಷ್ಟು ಸಲ ಏನಾದರೊಂದು ಉಳಿದಿರುತ್ತದೆ. ಉಳಿದ 14 ಚಿತ್ರಗಳಿಗೆ ಮಾತ್ರ ನೀವು ಬೆಳಕನ್ನು ಧಾರಾಳವಾಗಿ ಕೊಡಬಹುದು. ಅವಧಿ ಮೀರಿದ ಕಲರ್ ನೆಗೆಟಿವ್‌ಗೆ ಪ್ರತಿ ದಶಕಕ್ಕೆ ಒಂದು ಸ್ಟಾಪ್ (ಅಂದರೆ ಎರಡುಪಟ್ಟು ಬೆಳಕು) ಹೆಚ್ಚಿಗೆ ಎಂಬುದು ಬಳಕೆದಾರರ ನಡುವೆ ರೂಢಿಯಲ್ಲಿರುವ ಲೆಕ್ಕ. ಫಿಲ್ಮಿನ ಐಎಸ್‌ಒ, ಅಂದರೆ ಬೆಳಕಿಗೆ ಅದು ಸ್ಪಂದಿಸುವ ವೇಗದ ಅಳತೆ, 200 ಆಗಿದ್ದರೆ ಅದನ್ನು 100 ಎಂದು ಭಾವಿಸಿ. ಬೆಳಕು ಅಳೆಯುವ ಮೀಟರ್ ಕೆಲಸ ಮಾಡದಿದ್ದರೆ ಹಳೆಯ ಸೂತ್ರ ಇದ್ದೇ ಇದೆ: ನಿಚ್ಚಳ ಬಿಸಿಲಿನಲ್ಲಿ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು) ಎಫ್/16ಕ್ಕೆ ಇಟ್ಟು, ಶಟರ್ ವೇಗವನ್ನು ಐಎಸ್‌ಒ ಸಂಖ್ಯೆಗೆ ಹತ್ತಿರವಾದ 1/125 ಸೆಕೆಂಡಿಗೆ ಹಾಕುವುದು. ವರ್ಷಗಟ್ಟಲೆ ಓಡದ ಶಟರಿನಲ್ಲಿ ಎಣ್ಣೆ ಗಟ್ಟಿಯಾಗಿ 1/30ಕ್ಕಿಂತ ಕೆಳಗಿನ ವೇಗಗಳು ತಡವರಿಸುತ್ತವೆ, ಅವನ್ನು ಸದ್ಯಕ್ಕೆ ನಂಬಬೇಡಿ. ಬೆಳಕು ಒಳನುಗ್ಗದಂತೆ ತಡೆಯುವ ಹಿಂಬಾಗಿಲಿನ ಅಂಚಿನ ಫೋಮ್ ಕೂಡ ಇಷ್ಟು ಹೊತ್ತಿಗೆ ಅಂಟಿನಂತಾಗಿರುವುದರಿಂದ, ರೀಲು ಮುಗಿಯುವವರೆಗೆ ಬಾಗಿಲಿನ ಸಂದಿಗೆ ಕಪ್ಪು ಟೇಪ್ ಹಚ್ಚಿಡಿ.

ಆ ಹದಿನಾಲ್ಕನ್ನು ಒಂದೇ ದಿನ ಮುಗಿಸಿಬಿಡಬೇಡಿ ಎಂಬುದು ನನ್ನ ಪ್ರೀತಿಯ ಕೋರಿಕೆ.

ಒದ್ದೆಗಾಜು:

ಲೆನ್ಸುಗಳನ್ನು ಇವತ್ತೇ ನೋಡಿಕೊಳ್ಳಿ. ಅಪರ್ಚರನ್ನು ಪೂರ್ತಿ ತೆರೆದು, ಒಂದು ತುದಿಯಿಂದ ಟಾರ್ಚ್ ಬಿಟ್ಟು, ಇನ್ನೊಂದು ತುದಿಯಿಂದ ಸ್ವಲ್ಪ ಓರೆಯಾಗಿ ನೋಡಿದರೆ ಬೂಷ್ಟು ಜೇಡರಬಲೆಯ ಎಳೆಗಳಂತೆ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಎಳೆ ಇದ್ದರೆ ಚಿತ್ರಕ್ಕೆ ಬಾಧೆಯಿಲ್ಲ. ದಟ್ಟವಾಗಿದ್ದರೆ ಬೆಳಕಿಗೆ ಎದುರಾಗಿ ತೆಗೆದಾಗ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಬೂಷ್ಟು ಹೊರಬಿಡುವ ಆಮ್ಲ ಗಾಜಿನ ಲೇಪನವನ್ನು ಕೊರೆದುಬಿಟ್ಟಿದ್ದರೆ, ಎಷ್ಟು ಚೆನ್ನಾಗಿ ಒರೆಸಿದರೂ ಆ ಗುರುತು ಹೋಗುವುದಿಲ್ಲ.

ನಾನು ನನ್ನ ಅತ್ಯಂತ ಪ್ರಿಯವಾದ ಲೆನ್ಸನ್ನು ಕಳೆದುಕೊಂಡದ್ದು ಹೀಗೆಯೇ. ಜೋಪಾನ ಮಾಡುತ್ತಿದ್ದೇನೆ ಎಂದುಕೊಂಡು ಅದನ್ನು ಚರ್ಮದ ಚೀಲದಲ್ಲಿ ಹಾಕಿ, ಬಟ್ಟೆಗಳ ನಡುವೆ ಇಟ್ಟಿದ್ದೆ. ಚರ್ಮವಾಗಲಿ ಬಟ್ಟೆಯಾಗಲಿ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಗಾಳಿಯ ಆರ್ದ್ರತೆ ಶೇ. 60 ದಾಟಿ ಬಹುಕಾಲ ಉಳಿದರೆ ಬೂಷ್ಟಿಗೆ ಅನುಕೂಲ, ಶೇ. 40ರಿಂದ 50ರ ನಡುವೆ ಇದ್ದರೆ ಲೆನ್ಸಿಗೆ ಕ್ಷೇಮ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ಆರ್ದ್ರತೆ ತೋರಿಸುವ ಒಂದು ಚಿಕ್ಕ ಮಾಪಕ, ಇಷ್ಟಿದ್ದರೆ ಸಾಕು. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರಗೆ ಬೆಳಕಿಗೆ ತಂದು ಬಳಸುವುದು.

ಬೆಳಕಿಂಡಿ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ರಿವೈಂಡ್ ಗುಂಡಿ ತಿರುಗಿತು. ಅದು ತಿರುಗುವುದನ್ನು ನೋಡಿದಾಗ ನನ್ನ ಕೈ ನಡುಗಿತು ಎಂದರೆ ಅತಿಶಯೋಕ್ತಿಯಲ್ಲ. 135ರ ಲೆನ್ಸಿನಲ್ಲಿ ಬೂಷ್ಟು ಅರ್ಧಕ್ಕೂ ಹೆಚ್ಚು ಹರಡಿದೆ, 50 ಶುಭ್ರವಾಗಿದೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ನಡುವೆ ಫೋಕಸ್ ಹೊಂದಿಸಲು ಇರುವ ಒಡೆದ ವೃತ್ತದಲ್ಲಿ ಎರಡು ಅರ್ಧಗಳು ಕೂಡಿದವೋ ಇಲ್ಲವೋ ಎಂದು ಈಗ ಖಚಿತವಾಗಿ ಹೇಳಲಾರೆ. ಮೊದಲು ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿದ್ದ ಕೆಲಸ. ಬಿಂಬ ಮೂಡುವ ಒಳಗಿನ ಪರದೆಯೂ ಕೆಟ್ಟಿರಬಹುದೇ?

ಚಾಳೀಸು:

ಪರದೆ ಕೆಟ್ಟಿರುವುದು ಅಪರೂಪ, ಬದಲಾಗಿರುವುದು ನಿಮ್ಮ ಕಣ್ಣಿನ ಮಸೂರ. 40 ದಾಟಿದ ಮೇಲೆ ಅದು ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುತ್ತ ಬರುತ್ತದೆ, ಹತ್ತಿರದ ಅಕ್ಷರ ಮಸುಕಾಗುವಂತೆಯೇ ವ್ಯೂಫೈಂಡರಿನ ಬಿಂಬವೂ ಮಸುಕಾಗಬಹುದು. ಅನೇಕ ಎಸ್‌ಎಲ್‌ಆರ್ ಕ್ಯಾಮೆರಾಗಳ ವ್ಯೂಫೈಂಡರನ್ನು ಮೈನಸ್ 1 ಡಯಾಪ್ಟರಿನ (ಮಸೂರದ ಶಕ್ತಿಯ ಅಳತೆ) ಸುಮಾರಿಗೆ ಹೊಂದಿಸಿರುತ್ತಾರೆ. ಆದ್ದರಿಂದ ಪರದೆ ನಿಮ್ಮ ಕಣ್ಣಿನಿಂದ ಎರಡು ಬೆರಳು ದೂರದಲ್ಲಿದ್ದರೂ ಅದರ ಬಿಂಬ ಹೆಚ್ಚುಕಡಿಮೆ ಒಂದು ಮೀಟರ್ ಆಚೆ ಇರುವಂತೆ ಕಾಣುತ್ತದೆ. ಓದುವ ಕನ್ನಡಕ ಅದಕ್ಕಿಂತ ಹತ್ತಿರದ ದೂರಕ್ಕೆ ಮಾಡಿದ್ದಾದ್ದರಿಂದ ಅದು ಇಲ್ಲಿ ಹೊಂದದೇ ಹೋಗಬಹುದು. ಡಿಜಿಟಲ್ ಕ್ಯಾಮೆರಾದಲ್ಲಿ ವ್ಯೂಫೈಂಡರಿನ ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿ ಇದನ್ನು ಸರಿಪಡಿಸಬಹುದು. ಹೊಂದಿಸುವಾಗ ಎದುರಿನ ವಸ್ತುವನ್ನು ನೋಡದೆ, ಪರದೆಯ ಮೇಲಿನ ಗೆರೆಗಳನ್ನೋ ಅಂಕಿಗಳನ್ನೋ ಮಾತ್ರ ನೋಡಿ. ಆ ಚಕ್ರವಿಲ್ಲದ ಹಳೆಯ ಕ್ಯಾಮೆರಾಗಳ ಕಣ್ಣಿಂಡಿಗೆ ತಿರುಪಿ ಕೂರಿಸುವ ಸಣ್ಣ ತಿದ್ದುಗಾಜುಗಳಿವೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನಗೆ ಆಸಕ್ತಿಯೇ ಬತ್ತಿಹೋಗಿದೆ ಎಂದು ನಾನು ಮೂರು ವರ್ಷ ನಂಬಿದ್ದೆ. ಕಣ್ಣಿಟ್ಟಾಗಲೆಲ್ಲ ಆಯಾಸವಾಗುತ್ತಿತ್ತು, ಆ ಆಯಾಸವನ್ನೇ ಬೇಸರವೆಂದು ತಿಳಿದಿದ್ದೆ. ತಿದ್ದುಗಾಜು ಹಾಕಿದ ದಿನ ಒಂದು ಎಲೆಯ ಅಂಚು ಕತ್ತರಿಸಿಟ್ಟಂತೆ ಸ್ಪಷ್ಟವಾಗಿ ಕಂಡಾಗ, ಕ್ಯಾಮೆರಾವನ್ನು ಕೆಳಗಿಳಿಸಲು ಮನಸ್ಸೇ ಬರಲಿಲ್ಲ.

ಮೂವತ್ತಾರು:

ಬೆಳಕಿಂಡಿ ಅವರೇ, ಇಲ್ಲಿಯವರೆಗಿನ ಸಲಹೆಗಳೆಲ್ಲ ಅಗತ್ಯವಾದವೇ. ಆದರೆ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಕ್ಯಾಮೆರಾದಲ್ಲಿಲ್ಲ, ಅದರ ಜೊತೆಗೆ ಸಿಕ್ಕ ನೆಗೆಟಿವ್‌ಗಳ ಕಟ್ಟಿನಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಾನು ಒಂಬತ್ತು ವರ್ಷ ಬಿಟ್ಟು ಮರಳಿದವಳು. ಮೊದಲ ಸಲ ಮರಳಲು ಯತ್ನಿಸಿದಾಗ ಹೊಸ ಕ್ಯಾಮೆರಾ ಕೊಂಡೆ, ಎರಡೇ ತಿಂಗಳಿಗೆ ಅದೂ ಕಪಾಟು ಸೇರಿತು. ಎರಡನೆಯ ಸಲ ಏನನ್ನೂ ಕೊಳ್ಳದೆ, ಯಾವ ಹೊಸ ಚಿತ್ರವನ್ನೂ ತೆಗೆಯದೆ, ನಾನು ಹಿಂದೆ ತೆಗೆದಿದ್ದೆಲ್ಲವನ್ನೂ ಮೊದಲ ರೀಲಿನಿಂದ ನೋಡುತ್ತ ಹೋದೆ.

ಆಯ್ದು ಪ್ರಿಂಟ್ ಹಾಕಿಸಿದ್ದನ್ನಲ್ಲ, ತೆಗೆದ ಎಲ್ಲವನ್ನೂ, ತೆಗೆದ ಕ್ರಮದಲ್ಲೇ ನೋಡಬೇಕು ಎಂಬುದು ಇದರ ಜೀವಾಳ. ಹಿಂದೆ ಕತ್ತಲೆಕೋಣೆಯಲ್ಲಿ ನೆಗೆಟಿವ್ ಪಟ್ಟಿಗಳನ್ನು ನೇರವಾಗಿ ಕಾಗದದ ಮೇಲೆ ಹರಡಿ, ಬೆಳಕು ಬಿಟ್ಟು ಕಾಂಟ್ಯಾಕ್ಟ್ ಶೀಟ್ ಮಾಡುತ್ತಿದ್ದರು. ಒಂದು ಹಾಳೆಯಲ್ಲಿ ಒಂದು ರೀಲಿನ 36 ಚಿತ್ರಗಳೂ 24×36 ಮಿ.ಮೀ.ನ ನಿಜವಾದ ಅಳತೆಯಲ್ಲೇ ಕಾಣುತ್ತಿದ್ದವು. ಈಗ ಅದಕ್ಕೆ ಕತ್ತಲೆಕೋಣೆಯೇ ಬೇಕೆಂದಿಲ್ಲ. ಕಂಪ್ಯೂಟರಿನ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ನೆಗೆಟಿವನ್ನು ಅದರಿಂದ ಕೆಲವು ಸೆಂಟಿಮೀಟರ್ ಮೇಲೆ ಹಿಡಿದು, ಫೋನಿನಲ್ಲಿ ಚಿತ್ರ ತೆಗೆದು, ಬಣ್ಣಗಳನ್ನು ತಿರುಗುಮುರುಗು ಮಾಡಿದರೆ ನೋಡುವಷ್ಟು ಸ್ಪಷ್ಟವಾಗುತ್ತದೆ. ಪರದೆಗೆ ಅಂಟಿಸಿ ಇಟ್ಟರೆ ಅದರ ಚುಕ್ಕೆಗಳೆಲ್ಲ ಮೂಡುತ್ತವೆ. ಕಲರ್ ನೆಗೆಟಿವ್‌ನಲ್ಲಿ ಕಿತ್ತಳೆ ಬಣ್ಣದ ಹಿನ್ನೆಲೆ ಇರುವುದರಿಂದ ಮೊದಲು ಎಲ್ಲವೂ ನೀಲಿಯಾಗಿ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಪಟ್ಟಿಗಳನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಕಟ್ಟು ಬಿಚ್ಚಿದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯಲು ಶುರುವಾಗಿದೆ ಎಂದರ್ಥ, ಅಂಥ ಪಟ್ಟಿಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಮೊದಲು ಅವನ್ನೇ ನಕಲು ಮಾಡಿಕೊಳ್ಳಿ.

ನೋಡುವಾಗ ‘ಯಾವುದು ಚೆನ್ನಾಗಿದೆ’ ಎಂದು ಕೇಳಿಕೊಳ್ಳಬೇಡಿ. ‘ನಾನು ಎಲ್ಲಿ ನಿಂತಿದ್ದೆ, ಯಾವುದಕ್ಕೆ ಮತ್ತೆ ಮತ್ತೆ ತಿರುಗಿದೆ, ಯಾವುದರ ಮುಂದೆ ಮೂರು ನಾಲ್ಕು ಚಿತ್ರಗಳನ್ನು ಖರ್ಚು ಮಾಡಿದೆ’ ಎಂದು ಕೇಳಿಕೊಳ್ಳಿ. ಫಿಲ್ಮಿನ ಕಾಲದಲ್ಲಿ ಒಂದೇ ವಸ್ತುವಿಗೆ ನಾಲ್ಕು ಚಿತ್ರ ಕೊಟ್ಟಿದ್ದೇವೆ ಎಂದರೆ ಅದು ಸುಮ್ಮನೆ ಕೊಟ್ಟದ್ದಲ್ಲ. ಭೂದೃಶ್ಯಗಳೇ ನನಗೆ ಪ್ರಿಯ ಎಂದು ನಾನು ನಂಬಿದ್ದೆ, ಇತರರಿಗೆ ತೋರಿಸುತ್ತಿದ್ದುದೂ ಅವನ್ನೇ. ಆದರೆ ನೂರಕ್ಕೂ ಹೆಚ್ಚು ಹಾಳೆಗಳನ್ನು ನೋಡಿದ ಮೇಲೆ ತಿಳಿದದ್ದು ಬೇರೆಯೇ. ಬೆಟ್ಟಗಳಿಗೆ ಒಂದೊಂದೇ ಚಿತ್ರ, ಕೆಲಸದಲ್ಲಿ ತೊಡಗಿದ ಕೈಗಳಿಗೆ ಐದು ಆರು. ಹೊಲಿಯುವ ಕೈ, ಬೀಗ ರಿಪೇರಿ ಮಾಡುವ ಕೈ, ಪುಟ ತಿರುವುವ ಕೈ. ಯಾರಿಗೂ ತೋರಿಸದ, ಪ್ರಿಂಟ್ ಕೂಡ ಹಾಕಿಸದ ಚಿತ್ರಗಳು ಅವು. ಇತರರು ಮೆಚ್ಚಿದ್ದನ್ನು ಬೆಳೆಸುತ್ತ ಹೋಗಿ, ನಾನು ಪ್ರೀತಿಸಿದ್ದನ್ನು ಗುರುತಿಸದೇ ಬಿಟ್ಟಿದ್ದೆ. ಆಸಕ್ತಿ ಸೋರಿಹೋದದ್ದು ಅಲ್ಲಿಯೇ ಎಂದು ಆಗ ಅರ್ಥವಾಯಿತು. ಆಮೇಲೆ ಒಂದು ಇಡೀ ವರ್ಷ ಕೈಗಳ ಚಿತ್ರಗಳನ್ನು ತೆಗೆದೆ, ಒಬ್ಬರಿಗೂ ತೋರಿಸಲಿಲ್ಲ.

ತೋರಿಸದೆ ತೆಗೆಯುವುದು ಅಸಹಜವೆಂದು ನಿಮಗೆ ಅನ್ನಿಸಿದರೆ ವಿವಿಯನ್ ಮೇಯರ್ ಅವರನ್ನು ನೆನೆಯಿರಿ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಲೇ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ ಅವರ ಪೆಟ್ಟಿಗೆಗಳು 2007ರಲ್ಲಿ ಹರಾಜಾದ ಮೇಲೆಯೇ ಹೊರಜಗತ್ತಿಗೆ ಅವರ ಕೆಲಸ ತಿಳಿಯತೊಡಗಿದ್ದು. ಡೆವಲಪ್ ಕೂಡ ಮಾಡಿಸದ ರೀಲುಗಳು ಅವುಗಳಲ್ಲಿ ರಾಶಿಯಾಗಿದ್ದವು.

ಹೊಸಹಾದಿ:

ಮೂವತ್ತಾರು ಅವರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳಬಯಸುತ್ತೇನೆ. ಹಿಂದಿನದನ್ನು ಕೆದಕುವುದರಿಂದ ಅನೇಕರಿಗೆ ಹೊಸದನ್ನು ತೆಗೆಯುವ ಧೈರ್ಯವೇ ಕುಂದುತ್ತದೆ. ನಾನು ಮರಳಿದ್ದು ಫೋನಿನ ಮೂಲಕ. ಅದು ಸದಾ ಜೇಬಿನಲ್ಲಿರುತ್ತದೆ, ಒಂದು ಗುಂಡಿ ಒತ್ತುವಷ್ಟರಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಹೊಂದಿಸಿ, ಕತ್ತಲಿನಲ್ಲೂ ನೆರಳಿನಲ್ಲೂ ಇರುವುದನ್ನು ಕಾಣಿಸುತ್ತದೆ. ಎಕ್ಸ್‌ಪೋಶರಿನ, ಅಂದರೆ ಎಷ್ಟು ಬೆಳಕು ಬಿಡಬೇಕೆಂಬ, ಚಿಂತೆ ಹೋದದ್ದರಿಂದಲೇ ನಾನು ಚೌಕಟ್ಟಿನ ಬಗ್ಗೆ ಮೊದಲ ಸಲ ನಿಜವಾಗಿ ಯೋಚಿಸತೊಡಗಿದೆ. ಹಳೆಯ ಕ್ಯಾಮೆರಾ ಸರಿಯಾಗಲಿ, ಬೂಷ್ಟು ಹೋಗಲಿ, ಆಮೇಲೆ ಶುರುಮಾಡುತ್ತೇನೆ ಎಂದು ಕಾಯುವವರು ಬಹುಪಾಲು ಶುರುಮಾಡುವುದೇ ಇಲ್ಲ. ಇದನ್ನು ನಾನು ನನ್ನ ಆಪ್ತರಲ್ಲೇ ಕಂಡಿದ್ದೇನೆ.

ಕತ್ತಲೆಕೋಣೆ:

ಹೊಸಹಾದಿ ಅವರೇ, ಶುರುಮಾಡಲು ಕಾಯಬಾರದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಬೆಳಕಿಂಡಿ ಅವರು ಬರೆದದ್ದನ್ನು ಇನ್ನೊಮ್ಮೆ ಓದಿ. ಅವರಿಗೆ ಚಿತ್ರ ತೆಗೆಯುವುದು ಕಷ್ಟವಾಗಿರಲಿಲ್ಲ, ಅತಿ ಸುಲಭವಾಗಿತ್ತು. ನಾಲ್ಕು ಸಾವಿರ ತೆಗೆದು ಒಂದನ್ನೂ ನೋಡದವರಿಗೆ ಇನ್ನಷ್ಟು ಸಲೀಸು ಮಾಡಿಕೊಟ್ಟರೆ ಏನು ಪ್ರಯೋಜನ? ತೆಗೆದ ಕ್ಷಣಕ್ಕೂ ನೋಡುವ ಕ್ಷಣಕ್ಕೂ ನಡುವೆ ಫಿಲ್ಮ್ ಒಂದು ಅಂತರವನ್ನಿಡುತ್ತದೆ. ತೆಗೆದ ಕೂಡಲೇ ಹಿಂಬದಿಯ ಪರದೆ ನೋಡಿ ಸರಿಯಾಯಿತೇ ಎಂದು ತೀರ್ಪು ಕೊಡುವ ಅವಕಾಶವೇ ಇಲ್ಲದ್ದರಿಂದ, ಕಣ್ಣು ಎದುರಿಗಿರುವುದರ ಮೇಲೆಯೇ ನಿಲ್ಲುತ್ತದೆ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ತಟ್ಟೆಯಲ್ಲಿ, ಕೆಂಪು ದೀಪದ ಕೆಳಗೆ, ಬಿಳಿಯ ಕಾಗದದ ಮೇಲೆ ಮೊದಲು ಕಪ್ಪು ಭಾಗಗಳೂ ನಂತರ ನಡುವಣ ಛಾಯೆಗಳೂ ಮೂಡಿಬರುವುದನ್ನು ನಾನು ಸಾವಿರಾರು ಸಲ ನೋಡಿದ್ದೇನೆ, ಇವತ್ತಿಗೂ ಆ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ನನಗೆ ಉತ್ತರಿಸಲಾಗುವುದಿಲ್ಲ.

ಅದೇ ಅಂತರವನ್ನು ಫೋನಿನಲ್ಲೂ ತಂದುಕೊಳ್ಳಬಹುದು ಎನ್ನುವುದಾದರೆ ನನ್ನ ತಕರಾರೇನಿಲ್ಲ. ತೆಗೆದದ್ದನ್ನು ಒಂದು ವಾರ ನೋಡದೇ ಇರಿ.

ನೆನಪಿನಬುತ್ತಿ:

ಈ ವಾದಕ್ಕೆ ಸಂಬಂಧಿಸಿದ ಎರಡು ಅಧ್ಯಯನಗಳಿವೆ. ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುಸಂಗ್ರಹಾಲಯದ ಕೆಲವು ವಸ್ತುಗಳ ಚಿತ್ರ ತೆಗೆಯುವಂತೆಯೂ ಇನ್ನು ಕೆಲವನ್ನು ಬರಿದೇ ನೋಡುವಂತೆಯೂ ಜನರಿಗೆ ಹೇಳಲಾಗಿತ್ತು. ಮರುದಿನ ಕೇಳಿದಾಗ, ಚಿತ್ರ ತೆಗೆದ ವಸ್ತುಗಳ ನೆನಪೇ ಕಡಿಮೆಯಾಗಿತ್ತು. ಆದರೆ ಒಂದು ನಿರ್ದಿಷ್ಟ ಭಾಗವನ್ನು ಹತ್ತಿರಕ್ಕೆ ತಂದು ತೆಗೆದಾಗ ನೆನಪು ಹಾಗೆ ಕುಗ್ಗಲಿಲ್ಲ. 2017ರಲ್ಲಿ ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಏನನ್ನು ತೆಗೆಯಬೇಕೆಂದು ತಾವೇ ಆರಿಸಿಕೊಂಡವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ ನೆನಪಿತ್ತು. ಎರಡನ್ನೂ ಜೊತೆಗಿಟ್ಟು ಓದಿದರೆ, ಸಮಾರಂಭದ ಸಾಲುಚಿತ್ರಗಳು ಬೆಳಕಿಂಡಿ ಅವರ ಮನಸ್ಸಿನಲ್ಲಿ ಏಕೆ ಉಳಿಯಲಿಲ್ಲ ಎಂಬುದು ನನಗೆ ಆಶ್ಚರ್ಯವೆನಿಸುವುದಿಲ್ಲ. ಅಲ್ಲಿ ಆರಿಸಿದವರು ಅವರಲ್ಲ.

ಮೂರನೆಯಪ್ರತಿ:

ನಾನು ಬಿಟ್ಟದ್ದು ಬೇಸರದಿಂದಲ್ಲ, ದುಃಖದಿಂದ. ಆರು ವರ್ಷಗಳ ಚಿತ್ರಗಳೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಒಂದು ಸಂಜೆ ಅದರಿಂದ ಟಿಕ್ ಟಿಕ್ ಎಂಬ ಸದ್ದು ಬಂತು, ಮರುದಿನ ಅದು ತೆರೆಯಲಿಲ್ಲ. ಮಗಳು ನಡೆಯಲು ಕಲಿತದ್ದು, ನನ್ನ ತಂದೆಯ ಕೊನೆಯ ವರ್ಷ, ಎಲ್ಲವೂ ಅದರಲ್ಲೇ ಇತ್ತು. ರಿಪೇರಿಗೆ ಕೊಟ್ಟ ಕಡೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು, ಏನನ್ನೂ ಹೊರತೆಗೆಯದೆ ಹಿಂದಿರುಗಿಸಿದರು. ಆಮೇಲೆ ಕ್ಯಾಮೆರಾ ಎತ್ತಿದಾಗಲೆಲ್ಲ ‘ಇದೂ ಹೋಗುತ್ತದೆ’ ಎಂಬ ಯೋಚನೆಯೇ ಮೊದಲು ಬರುತ್ತಿತ್ತು. ಎಂಟು ವರ್ಷ ಕಳೆದವು.

ನನ್ನನ್ನು ಮರಳಿ ತಂದದ್ದು ಕಾಗದ. ಸೋದರತ್ತೆಯ ಮನೆಯಲ್ಲಿ ಒಂದು ಲಕೋಟೆ ಸಿಕ್ಕಿತು, ಅದರಲ್ಲಿ ನಾನೇ ಹಿಂದೊಮ್ಮೆ ಪ್ರಿಂಟ್ ಹಾಕಿಸಿ ಕೊಟ್ಟಿದ್ದ ಹನ್ನೆರಡು ಚಿತ್ರಗಳಿದ್ದವು. ಅವುಗಳಲ್ಲೊಂದು ತಂದೆಯವರದು. ಆರು ವರ್ಷಗಳಲ್ಲಿ ಉಳಿದದ್ದು ಆ ಹನ್ನೆರಡೇ, ಉಳಿದದ್ದೂ ನಾನು ಇನ್ನೊಬ್ಬರ ಕೈಗೆ ಕೊಟ್ಟಿದ್ದರಿಂದ. ಈಗ ತಿಂಗಳಿಗೆ ಐದು ಚಿತ್ರಗಳನ್ನಾದರೂ ಪ್ರಿಂಟ್ ಹಾಕಿಸಿ, ಅದರಲ್ಲಿರುವವರಿಗೇ ಕೊಡುತ್ತೇನೆ. ಕಡತಗಳನ್ನು ಮೂರು ಪ್ರತಿ ಮಾಡಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿಟ್ಟು, ಒಂದು ಪ್ರತಿಯನ್ನು ಮನೆಯಿಂದ ಹೊರಗೆ ಇಡುತ್ತೇನೆ. ಬೆಳಕಿಂಡಿ ಅವರೇ, ನಿಮ್ಮ ಹಳೆಯ ಡಿಜಿಟಲ್ ಚಿತ್ರಗಳು ಸಿ.ಡಿ.ಗಳಲ್ಲೋ ಹಳೆಯ ಮೆಮೊರಿ ಕಾರ್ಡುಗಳಲ್ಲೋ ಇದ್ದರೆ ದಯವಿಟ್ಟು ಈ ವಾರವೇ ನಕಲು ಮಾಡಿಕೊಳ್ಳಿ. ಬರೆಯಬಹುದಾದ ಸಿ.ಡಿ.ಗಳ ಬಣ್ಣದ ಪದರವೂ ಕಾರ್ಡುಗಳಲ್ಲಿನ ವಿದ್ಯುದಂಶವೂ ಸದ್ದಿಲ್ಲದೆ ಕುಂದುತ್ತವೆ.

ಓರೆಗೆರೆ:

ಒಂದು ಮಾತು ಸೇರಿಸಬೇಕೆನ್ನಿಸಿತು. ಬಿಟ್ಟವರೆಲ್ಲ ಮರಳಲೇಬೇಕು ಎಂಬ ಒತ್ತಡವೂ ಒಳ್ಳೆಯದಲ್ಲ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಅವರು 1970ರಲ್ಲಿ ವೃತ್ತಿಯನ್ನು ಬಿಟ್ಟರು, 2012ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೆ ಮರಳಲಿಲ್ಲ. ಫ್ರಾನ್ಸಿನ ಖ್ಯಾತ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ-ಬ್ರೆಸ್ಸೋ 1970ರ ದಶಕದಲ್ಲಿ ಕ್ಯಾಮೆರಾವನ್ನು ಬದಿಗಿಟ್ಟು ರೇಖಾಚಿತ್ರಕ್ಕೆ ತಿರುಗಿದರು. ಬ್ರಿಟನ್ನಿನ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗಾದರೆ 1863ರಲ್ಲಿ, 48ನೆಯ ವಯಸ್ಸಿನಲ್ಲಿ, ಮಗಳು ಮತ್ತು ಅಳಿಯ ಉಡುಗೊರೆಯಾಗಿ ಕ್ಯಾಮೆರಾ ಕೊಟ್ಟ ಮೇಲೆ ಎಲ್ಲವೂ ಶುರುವಾಯಿತು. ಯಾವ ವಯಸ್ಸಿನಲ್ಲಿ ಏನು ಎಂಬುದಕ್ಕೆ ನಿಯಮವಿಲ್ಲ. ಆದರೆ ಬೆಳಕಿಂಡಿ ಅವರು ‘ನೋವಾಯಿತು’ ಎಂದು ಬರೆದಿದ್ದಾರೆ. ನೋವಾಗುತ್ತದೆ ಎಂದಾದರೆ ಅದು ಮುಗಿದಿಲ್ಲ.

ಬೆಳಕಿಂಡಿ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಪ್ರತಿಯೊಬ್ಬರ ಮಾತನ್ನೂ ಪಾಲಿಸಲು ಯತ್ನಿಸಿದೆ.

ಕಟ್ಟಿನಲ್ಲಿದ್ದದ್ದು 41 ರೀಲುಗಳು, ಅಂದರೆ 1,476 ಚಿತ್ರಗಳು. ರಾತ್ರಿ ಊಟವಾದ ಮೇಲೆ ದಿನಕ್ಕೆ ಎರಡು ರೀಲಿನಂತೆ, ಕ್ರಮವಾಗಿ ನೋಡಿದೆ. ನಾನು ಮುಖಗಳನ್ನು ಪ್ರೀತಿಸುವ ಛಾಯಾಗ್ರಾಹಕ ಎಂದು ನನ್ನ ಬಗ್ಗೆ ತಿಳಿದಿದ್ದೆ. ಆದರೆ ಹಾಳೆಗಳ ತುಂಬ ಕಂಡದ್ದು ಬೆನ್ನುಗಳು. ನಡೆದುಹೋಗುವವರ, ಕಾಯುತ್ತ ನಿಂತವರ, ಕಿಟಕಿಯಿಂದ ಹೊರಗೆ ನೋಡುವವರ ಬೆನ್ನುಗಳು, ಬಹುತೇಕ ಎಲ್ಲವೂ 135 ಮಿ.ಮೀ.ನಲ್ಲಿ, ದೂರದಿಂದ ತೆಗೆದವು. ಹತ್ತಿರ ಹೋಗಿ ಕೇಳುವ ಧೈರ್ಯ ಆಗ ನನಗಿರಲಿಲ್ಲ ಎಂಬುದನ್ನು ಆ ಪಟ್ಟಿಗಳು ಸ್ಪಷ್ಟವಾಗಿ ಹೇಳಿದವು. ಆದರೂ ಅವುಗಳಲ್ಲಿ ಕೆಲವು ನಿಜವಾಗಿಯೂ ಸುಂದರವಾಗಿವೆ, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಇನ್ನೊಂದನ್ನು ಎಣಿಸಿ ನೋಡಿದಾಗ ನಿದ್ರೆ ಬರಲಿಲ್ಲ. ಅಮ್ಮ ಒಬ್ಬಳೇ ಇರುವ ಚಿತ್ರಗಳು 1,476ರಲ್ಲಿ ಎರಡೇ ಎರಡು.

ಉಳಿದಿದ್ದ ಹದಿನಾಲ್ಕರಲ್ಲಿ ಐದನ್ನು ಅಮ್ಮನಿಗೆ ಕೊಟ್ಟೆ. ಅವಳು ಬೆಳಗಿನ ಹೊತ್ತು ಕಿಟಕಿಯ ಬಳಿ ಕುಳಿತು ಪತ್ರಿಕೆ ಓದುತ್ತಾಳೆ. ಎದುರಿಗೆ, ಒಂದು ಮೀಟರ್ ದೂರದಲ್ಲಿ ಕುಳಿತುಕೊಂಡೆ. 135 ಹಾಳಾಗಿರುವುದರಿಂದ ನನ್ನ ಬಳಿ ಇರುವುದು 50 ಮಾತ್ರ, ದೂರ ನಿಲ್ಲುವ ದಾರಿಯೇ ಇರಲಿಲ್ಲ. ಮೊದಲ ಎರಡು ದಿನ ಶಟರ್ ಒತ್ತಲಾಗಲಿಲ್ಲ. ‘ಇನ್ನೂ ಆಗಲಿಲ್ಲವೇನೋ?’ ಎಂದು ಕೇಳಿ ಅವಳು ಮತ್ತೆ ಓದಿನಲ್ಲಿ ಮುಳುಗಿದಳು. ಮೂರನೆಯ ದಿನ, ಕ್ಯಾಮೆರಾ ಇರುವುದನ್ನು ಅವಳು ಮರೆತಾಗ, ಒಂದು ತೆಗೆದೆ. ಮೆಟ್ಟಿಲಿನ ಗೋಡೆಯ ಮೇಲೆ ಬೆಳಿಗ್ಗೆ ಹತ್ತು ನಿಮಿಷ ಮಾತ್ರ ಬೀಳುವ ಬಿಸಿಲಿನ ಪಟ್ಟಿಗೂ ಮೂರು ಕೊಟ್ಟೆ. ಉಳಿದ ಆರರ ಬಗ್ಗೆ ಹೇಳುವಂಥದ್ದೇನಿಲ್ಲ.

ನಿನ್ನೆ ರೀಲು ಡೆವಲಪ್ ಆಗಿ ಬಂತು. ಹಳೆಯ 22ರಲ್ಲಿ ಒಂಬತ್ತು ಪೂರ್ತಿ ಮಂಜಾಗಿವೆ, ಇನ್ನುಳಿದವುಗಳಲ್ಲಿ ನೆರಳುಗಳೆಲ್ಲ ನೇರಳೆಗೆ ತಿರುಗಿ, ಕಾಳುಕಾಳಾಗಿ ಕಾಣುತ್ತವೆ. 22ನೆಯದರಲ್ಲಿ ಮಳೆ ನಿಂತ ಮೇಲಿನ ಒಂದು ಖಾಲಿ ಬೆಂಚು ಇದೆ. ಅದು ಯಾವ ಜಾಗ, ನಾನು ಅಲ್ಲಿಗೆ ಏಕೆ ಹೋಗಿದ್ದೆ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಅದೇ ಪಟ್ಟಿಯಲ್ಲಿ, ಎರಡು ಮಿಲಿಮೀಟರಿನ ಖಾಲಿ ಜಾಗ ಬಿಟ್ಟು, 23ನೆಯದರಲ್ಲಿ ಅಮ್ಮ ಇದ್ದಾಳೆ.

ನಾನೇ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವನ್ನು ಹೇಳಬೇಕು. ಮೊದಲಿದ್ದ ಕಣ್ಣು ಮರಳಿ ಬರಲಿಲ್ಲ. ಈ ಹದಿನಾಲ್ಕು ಚಿತ್ರಗಳಲ್ಲಿ ಒಂದೂ ಆ 41 ರೀಲುಗಳ ಚಿತ್ರಗಳಂತಿಲ್ಲ. ಆಗ ದೂರದಿಂದ ಚೆನ್ನಾಗಿ ತೆಗೆಯುತ್ತಿದ್ದವನು ಈಗ ಹತ್ತಿರದಿಂದ ತಪ್ಪುತಪ್ಪಾಗಿ ತೆಗೆಯುತ್ತಿದ್ದೇನೆ. ಅಮ್ಮನ ಐದು ಚಿತ್ರಗಳಲ್ಲಿ ಎರಡರಲ್ಲಿ ಫೋಕಸ್ ಕಣ್ಣಿನ ಮೇಲೆ ಇಲ್ಲ, ಕನ್ನಡಕದ ಚೌಕಟ್ಟಿನ ಮೇಲೆ ಕುಳಿತಿದೆ. ಚಾಳೀಸು ಅವರು ಹೇಳಿದ ತಿದ್ದುಗಾಜಿಗೆ ಹೇಳಿ ಇಟ್ಟಿದ್ದೇನೆ. 23ನೆಯದು ಮಾತ್ರ ಸರಿಯಾಗಿದೆ. ಅದನ್ನು ಪ್ರಿಂಟ್ ಹಾಕಿಸಿ ಅವಳಿಗೆ ಕೊಟ್ಟಾಗ ಕಿಟಕಿಯ ಬಳಿಗೆ ಒಯ್ದು ಬಹಳ ಹೊತ್ತು ನೋಡಿದಳು, ಆಮೇಲೆ ಓದುತ್ತಿದ್ದ ಪುಸ್ತಕದೊಳಗೆ ಇಟ್ಟುಕೊಂಡಳು.

ಇವತ್ತು ಫೋಮ್ ಬದಲಾಯಿಸಿ, ಐಎಸ್‌ಒ 400ರ ಕಪ್ಪು-ಬಿಳುಪು ರೀಲು ಹಾಕಿದ್ದೇನೆ. ಮೀಟರ್ ಇನ್ನೂ ಸತ್ತೇ ಇದೆ. ಕತ್ತಲೆಕೋಣೆ ಅವರೇ, ಬಿಸಿಲಿನ ಸೂತ್ರ ಮನೆಯೊಳಗೆ ಉಪಯೋಗಕ್ಕೆ ಬರುವುದಿಲ್ಲ. ಕಿಟಕಿಯ ಬೆಳಕಿಗೆ ಏನು ಇಡಲಿ?

ಕತ್ತಲೆಕೋಣೆ:

ನೇರ ಬಿಸಿಲು ಬೀಳದ, ಆದರೆ ಹೊರಗೆ ಒಳ್ಳೆಯ ಬೆಳಕಿರುವ ಕಿಟಕಿಗೆ ಅಂಟಿ ಕುಳಿತಿದ್ದರೆ ಐಎಸ್‌ಒ 400ಕ್ಕೆ ಎಫ್/2.8 ಮತ್ತು 1/125ರಿಂದ ಶುರುಮಾಡಿ. ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡರೆ ಇನ್ನೂ ಒಳ್ಳೆಯದು, ಅಳೆಯುವಾಗ ಕಿಟಕಿ ಚೌಕಟ್ಟಿನೊಳಗೆ ಬಾರದಂತೆ, ಮುಖದ ನೆರಳಿನ ಬದಿಯನ್ನು ನೋಡಿ ಅಳೆಯಿರಿ. ಕಪ್ಪು-ಬಿಳುಪು ನೆಗೆಟಿವ್ ಹೆಚ್ಚಿನ ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಸಹಿಸುವುದಿಲ್ಲ, ಆದ್ದರಿಂದ ಅನುಮಾನವಿದ್ದಾಗ ಒಂದು ಸ್ಟಾಪ್ ಹೆಚ್ಚಿಗೆ ಕೊಡಿ. ಅಮ್ಮನವರು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಕುಳಿತಿದ್ದರೆ 1/60 ಇಡಿ, ಮೊಣಕೈಗಳನ್ನು ಮಂಡಿಯ ಮೇಲೆ ಊರಿಕೊಂಡು ಉಸಿರು ಬಿಟ್ಟ ಮೇಲೆ ಒತ್ತಿ.